ಬೆನ್ನಿನ ಅಳತೆ, ಕಿಸೆಯ ಅಳತೆ

ಬಟ್ಟೆ ಹೊಲಿಸುವಾಗ ನಾವು ಅಳತೆ ಕೊಡುತ್ತೇವೆ. ಬಳೆ ತೊಡುವಾಗ ಬಳೆಗಾರ್ತಿಯ ಮುಂದೆ ಕೈ ಚಾಚುತ್ತೇವೆ. ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಆದರೆ ದಿನಕ್ಕೆ ಎಂಟು ಗಂಟೆ ಬೆನ್ನನ್ನು ಒಪ್ಪಿಸಿ ಕುಳಿತುಕೊಳ್ಳುವ ಕುರ್ಚಿಯ ವಿಷಯ ಬಂದಾಗ ಮಾತ್ರ ಬಣ್ಣ ಯಾವುದು, ಬೆಲೆ ಎಷ್ಟು ಎಂಬ ಎರಡೇ ಪ್ರಶ್ನೆ ಕೇಳಿ ಸುಮ್ಮನಾಗುತ್ತೇವೆ. ಕುರ್ಚಿಗೂ ಅಳತೆ ಇದೆಯೇ ಎಂದು ಆಶ್ಚರ್ಯಪಡುವವರೇ ಹೆಚ್ಚು. ಇದೆ. ಈಚೆಗೆ ನಮ್ಮ ಮನೆಯಲ್ಲಿ ನಡೆದ ಕುರ್ಚಿಯ ಹುಡುಕಾಟದಲ್ಲಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗ ಸಹೋದರಿಯರೊಂದಿಗೆ ಹಂಚಿಕೊಳ್ಳಬೇಕೆನಿಸಿತು.

ನಾನು ಚಿಕ್ಕೋಡಿಯಲ್ಲಿ ಶಿಕ್ಷಕಿ. ಮದ್ರಸದಲ್ಲಿ ಕಲಿತು, ಆಮೇಲೆ ಬಿ.ಎ. ಮುಗಿಸಿದವಳು. ನನ್ನ ಮಗಳು ಬಿ.ಕಾಂ. ಮುಗಿಸಿ ಪುಣೆಯ ಒಂದು ಸಂಸ್ಥೆಯ ಲೆಕ್ಕಪತ್ರದ ಕೆಲಸವನ್ನು ಮನೆಯಿಂದಲೇ ಮಾಡುತ್ತಾಳೆ. 2020ರ ಲಾಕ್‌ಡೌನ್ ನಂತರ ಇಂತಹ ಕೆಲಸ ನಮ್ಮ ಕಡೆಗೂ ಬಂದಿದೆ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆಗೂ ನಮ್ಮ ಬಂಧುಗಳಿದ್ದಾರೆ. ಆ ಮನೆಗಳಲ್ಲೂ ಒಬ್ಬರೋ ಇಬ್ಬರೋ ಮಕ್ಕಳು ಕೋಣೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ದೂರದ ಊರಿನ ಕೆಲಸ ಮಾಡುತ್ತಿರುವುದನ್ನು ಕಾಣುತ್ತೇನೆ. ಹೊರಗೆ ಹೋಗಿ ದುಡಿಯಲು ಮನೆಯವರ ಒಪ್ಪಿಗೆ ಸಿಗದ ಎಷ್ಟೋ ಹೆಣ್ಣುಮಕ್ಕಳಿಗೆ ಇದೊಂದು ದಾರಿಯಾಗಿದೆ.

ಕೆಲಸಕ್ಕೆ ಸೇರಿ ಏಳೆಂಟು ತಿಂಗಳಾಗುವಷ್ಟರಲ್ಲಿ ಮಗಳಿಗೆ ಬೆನ್ನುನೋವು ಆರಂಭವಾಯಿತು. ಸಂಜೆಯಾಗುತ್ತಲೇ ಸೊಂಟ ಹಿಡಿದುಕೊಂಡು ಏಳುತ್ತಿದ್ದಳು. ಆದರೆ ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವಳು ದುಡಿಯುವುದಕ್ಕೆ ಬಂಧುಗಳಲ್ಲಿ ಕೆಲವರ ವಿರೋಧವಿತ್ತು. ಮನೆಯಲ್ಲೇ ಕುಳಿತು ಮಾಡುವುದಾದರೆ ಮಾಡಲಿ ಎಂಬ ಮಾತಿನ ಮೇಲೆ ಎಲ್ಲರೂ ಸುಮ್ಮನಾಗಿದ್ದರು. ಬೆನ್ನುನೋವಿನ ಸುದ್ದಿ ಹೊರಬಿದ್ದರೆ "ಸಾಕು, ಕೆಲಸ ಬಿಡಿಸಿ, ನಾಳೆ ಮದುವೆಯಾಗಬೇಕಾದ ಹುಡುಗಿ" ಎಂದು ಹೇಳುವವರು ಮುಂದೆ ಬರುತ್ತಾರೆಂದು ಅವಳಿಗೆ ಗೊತ್ತಿತ್ತು. ಕಡೆಗೆ ಒಂದು ರಾತ್ರಿ ನನ್ನ ಹತ್ತಿರ ಬಂದು ಕುಳಿತು ಹೇಳಿದಳು: "ಅಮ್ಮಿ, ಕೆಲಸ ಕಷ್ಟವಿಲ್ಲ. ಕೂರುವುದೇ ಕಷ್ಟವಾಗಿದೆ."

ಮೂಳೆ ವೈದ್ಯರಿಗೆ ತೋರಿಸಿದೆವು. ಅಲ್ಹಮ್ದುಲಿಲ್ಲಾಹ್, ರೋಗವೇನೂ ಇರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಯಾವುದರ ಮೇಲೆ ಕೂರುತ್ತೀಯಮ್ಮ?" ಮಗಳು ಕೂರುತ್ತಿದ್ದುದು ಮದುವೆ ಮನೆಗಳಲ್ಲಿ ಸಾಲಾಗಿ ಹಾಕುತ್ತಾರಲ್ಲ, ಅಂಥ ಪ್ಲಾಸ್ಟಿಕ್ ಕುರ್ಚಿಯ ಮೇಲೆ. ಊಟ ಮಾಡಿ ಏಳುವವರಿಗೆಂದು ಮಾಡಿದ ಕುರ್ಚಿ ಅದು. ದಿನವಿಡೀ ಕುಳಿತು ದುಡಿಯುವವರಿಗೆ ಮಾಡಿದ್ದಲ್ಲ. ಕುರ್ಚಿ ಬದಲಿಸಿ, ಕುಳಿತಲ್ಲೇ ಇರಬೇಡ, ಆಗಾಗ ಏಳು ಎಂದು ಹೇಳಿ ವೈದ್ಯರು ಕಳಿಸಿದರು.

ಈಗ ಮನೆಯಲ್ಲಿ ಚರ್ಚೆ ಶುರುವಾಯಿತು. ಖರ್ಚಿಗೆ ನಾವು ಹೊಂದಿಸಿದ್ದು ಎಂಟು ಸಾವಿರ ರೂಪಾಯಿ. ಮಗನಿಗೆ ಹದಿನೇಳು ವರ್ಷ. ಅವನು ಮೊಬೈಲಿನಲ್ಲಿ ಕೆಂಪು ಕಪ್ಪು ಬಣ್ಣದ ಕುರ್ಚಿಗಳ ಚಿತ್ರ ತೋರಿಸಿ "ಗೇಮಿಂಗ್ ಚೇರ್ ತೆಗೆದುಕೊಳ್ಳೋಣ, ಅದೇ ಬೆನ್ನಿಗೆ ಒಳ್ಳೆಯದು" ಎಂದ. ನನ್ನವರು "ಇರುವ ಕುರ್ಚಿಗೇ ಒಂದು ಗಾದಿ ಹಾಕಿದರಾಯಿತು" ಎಂದರು. ಮೂಲೆಯಲ್ಲಿ ಕುಳಿತಿದ್ದ ನನ್ನ ಅತ್ತೆ ಎಲ್ಲರ ಮಾತು ಮುಗಿದ ಮೇಲೆ ನಿಧಾನವಾಗಿ ಕೇಳಿದರು: "ನಾವು ಮೂವತ್ತು ವರ್ಷ ನೆಲದ ಮ್ಯಾಲ ಕುಂತು ಬೀಡಿ ಕಟ್ಟೀವಿ. ನಮಗ ಯಾರು ಕುರ್ಚಿ ಕೊಡಿಸಿದ್ರು?"

ಅವರು ನಿಪ್ಪಾಣಿಯವರು. ತಂಬಾಕಿನ ಊರು. ಸಾವಿರ ಬೀಡಿಗೆ ಇಷ್ಟು ಎಂದು ಕೂಲಿ ಎಣಿಸುವ ಮನೆಗಳಲ್ಲಿ ಬೆಳೆದವರು. ಮಡಿಲಲ್ಲಿ ಮೊರ, ಮೊರದಲ್ಲಿ ತಂಬಾಕು, ಕತ್ತರಿಸಿದ ಎಲೆ, ನೂಲು. ಕುತ್ತಿಗೆ ಬಾಗಿಸಿ, ಬೆನ್ನು ಕಮಾನು ಮಾಡಿ ಬೆಳಗಿನಿಂದ ಸಂಜೆಯವರೆಗೆ ಕೂರುವ ಕೆಲಸ. ಅವರ ಪ್ರಶ್ನೆ ಮೊಮ್ಮಗಳ ಮೇಲಿನ ಸಿಟ್ಟಿನದಲ್ಲ ಎಂದು ನನಗೆ ತಿಳಿಯುತ್ತದೆ. ಅದು ಉತ್ತರ ಸಿಗಬೇಕಾದ ಪ್ರಶ್ನೆ. ಇಂದು ಅತ್ತೆಯವರು ನೇರವಾಗಿ ನಿಲ್ಲಲಾರರು. ರುಕೂವಿನಿಂದ ಏಳುವಾಗ ಗೋಡೆ ಹಿಡಿಯುತ್ತಾರೆ. ಅವರಿಗೆ ಯಾರೂ ಕುರ್ಚಿ ಕೊಡಿಸಲಿಲ್ಲ ಎಂಬುದು ಮೊಮ್ಮಗಳಿಗೂ ಕೊಡಿಸಬಾರದೆನ್ನಲು ಕಾರಣವಾಗುವುದಿಲ್ಲ. ಕೊಡಿಸಲೇಬೇಕು ಎನ್ನುವುದಕ್ಕೆ ಅವರ ಬೆನ್ನೇ ಸಾಕ್ಷಿ. ಇದನ್ನು ನಾನು ಅವರಿಗೆ ಹೇಳಿದೆ. ಅವರು ಏನೂ ಹೇಳಲಿಲ್ಲ. ಮರುದಿನ ತಮ್ಮ ಪೆಟ್ಟಿಗೆಯಿಂದ ಐನೂರು ರೂಪಾಯಿ ತೆಗೆದು ನನ್ನ ಕೈಗಿಟ್ಟರು. ಅದನ್ನು ಬೇರೆಯಾಗಿ ತೆಗೆದಿಟ್ಟೆ.

ನೆಲದ ಮೇಲೆ ಕೂರುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾನು ಓದಿದ್ದೂ ನೆಲದ ಮೇಲೆಯೇ. ಆದರೆ ಮದ್ರಸದಲ್ಲಿ ನಮ್ಮ ಮುಂದೆ ರೆಹಲ್ ಇರುತ್ತಿತ್ತು. ಕತ್ತರಿಯಂತೆ ತೆರೆದುಕೊಳ್ಳುವ ಆ ಮರದ ಹಲಗೆ ಪವಿತ್ರ ಗ್ರಂಥವನ್ನು ಗೌರವದಿಂದ ಎತ್ತರದಲ್ಲಿ ಇಡುತ್ತದೆ. ಜೊತೆಗೆ ಇನ್ನೊಂದು ಉಪಕಾರವನ್ನೂ ಮಾಡುತ್ತದೆ. ಪುಟವನ್ನು ಕಣ್ಣಿನ ಹತ್ತಿರಕ್ಕೆ ತಂದು ನಮ್ಮ ಕುತ್ತಿಗೆಯ ಬಾಗುವಿಕೆಯನ್ನು ಕಡಿಮೆ ಮಾಡುತ್ತದೆ. ಮಕ್ಕಳು ಮಂಡಿ ಮಡಚಿ, ಮತ್ತೆ ಚಕ್ಕಳಮಕ್ಕಳ ಹಾಕಿ, ಮತ್ತೆ ಒಂದು ಮೊಣಕಾಲೆತ್ತಿ ಹೀಗೆ ಭಂಗಿ ಬದಲಿಸುತ್ತಲೇ ಇರುತ್ತಾರೆ. ದೇಹಕ್ಕೆ ಬೇಕಾದದ್ದು ಇದೇ. ವಸ್ತು ಕಣ್ಣಿನ ಮಟ್ಟಕ್ಕೆ ಬರಬೇಕು, ದೇಹ ಆಗಾಗ ಅಲುಗಬೇಕು. ಇಂಗ್ಲಿಷಿನಲ್ಲಿ ಇದನ್ನೇ ಎರ್ಗನಾಮಿಕ್ಸ್ ಎನ್ನುತ್ತಾರೆ. ಕೆಲಸಕ್ಕೆ ಮನುಷ್ಯನನ್ನು ಬಗ್ಗಿಸುವ ಬದಲು ಮನುಷ್ಯನಿಗೆ ಕೆಲಸವನ್ನು ಹೊಂದಿಸುವ ವಿದ್ಯೆ ಅದು. ಪೆಟ್ಟಿಗೆಯ ಮೇಲೆ 'ಎರ್ಗನಾಮಿಕ್' ಎಂದು ಮುದ್ರಿಸಿದ ಮಾತ್ರಕ್ಕೆ ಕುರ್ಚಿ ಹಾಗಾಗಿಬಿಡುವುದಿಲ್ಲ. ನಿಮ್ಮ ದೇಹಕ್ಕೆ ಹೊಂದಿದರೆ ಮಾತ್ರ ಅದು ನಿಮಗೆ ಎರ್ಗನಾಮಿಕ್.

ಇನ್ನು ಮಗ ಹೇಳಿದ ಗೇಮಿಂಗ್ ಚೇರ್ ವಿಷಯ. ಅದರ ಆಕಾರವನ್ನು ಗಮನಿಸಿದ್ದೀರಾ? ಎರಡೂ ಬದಿಯಲ್ಲಿ ರೆಕ್ಕೆಯಂತೆ ಎದ್ದು ನಿಂತ ಅಂಚು, ಭುಜದ ಹತ್ತಿರ ಎರಡು ತೂತು, ನುಣುಪಾದ ರೆಕ್ಸಿನ್. ಅದು ಓಟದ ಕಾರಿನ ಸೀಟಿನ ಆಕಾರ. ಕಾರಿನ ಸೀಟುಗಳ ಹಿನ್ನೆಲೆಯಿಂದ ಬಂದ ಡಿಎಕ್ಸ್‌ರೇಸರ್ ಎಂಬ ಕಂಪೆನಿ 2006ರಲ್ಲಿ ಇಂತಹ ಕುರ್ಚಿಯನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ಎಲ್ಲರೂ ಅದನ್ನೇ ಅನುಸರಿಸಿದರು. ವೇಗವಾಗಿ ತಿರುವು ತೆಗೆದುಕೊಳ್ಳುವಾಗ ಚಾಲಕ ಪಕ್ಕಕ್ಕೆ ಜಾರದಿರಲಿ ಎಂದು ಆ ರೆಕ್ಕೆಗಳು. ನಮ್ಮ ಮನೆ ತವಂದಿ ಘಾಟಿನ ತಿರುವಿನಲ್ಲಿ ಓಡುವುದಿಲ್ಲವಲ್ಲ ಎಂದು ಮಗನಿಗೆ ಹೇಳಿದೆ. ಅವನಿಗೂ ನಗು ಬಂತು. ಮೇಜಿನ ಮುಂದೆ ಕೂರುವವರಿಗೆ ಆ ರೆಕ್ಕೆಗಳು ತೊಡೆಯನ್ನು ಒತ್ತುತ್ತವೆ, ಭುಜವನ್ನು ಮುಂದಕ್ಕೆ ದೂಡುತ್ತವೆ. ಜೊತೆಗೆ ಅಥಣಿ, ರಾಯಬಾಗ ಕಡೆಯ ಬೇಸಿಗೆಯಲ್ಲಿ ರೆಕ್ಸಿನ್ ಮೇಲೆ ಅರ್ಧ ಗಂಟೆ ಕುಳಿತರೆ ಬೆನ್ನು ಒದ್ದೆ. ಅಗ್ಗದ ರೆಕ್ಸಿನ್ ಎರಡು ಮೂರು ವರ್ಷಕ್ಕೆ ಸಿಪ್ಪೆ ಏಳತೊಡಗುತ್ತದೆ.

ಈಗ 'ಗೇಮಿಂಗ್' ಹೆಸರಿನಲ್ಲೇ ಮೆಶ್ ಅಂದರೆ ಜಾಳಿ ಬೆನ್ನಿನ ಕುರ್ಚಿಗಳೂ ಬರುತ್ತಿವೆ. ಅವು ರೆಕ್ಸಿನ್ ಕುರ್ಚಿಗಿಂತ ಎಷ್ಟೋ ವಾಸಿ. ಆದರೆ ಗೇಮಿಂಗ್ ಎಂಬುದು ಗುಣಮಟ್ಟದ ಮುದ್ರೆಯಲ್ಲ, ಒಂದು ಹೆಸರು. ಅದೇ ಜಾಳಿ, ಅದೇ ಗಾಲಿ ಇರುವ ಕುರ್ಚಿಗೆ ಕೆಂಪು ಪಟ್ಟಿ ಮತ್ತು ಎಳೆದರೆ ಹೊರಬರುವ ಕಾಲುಹಲಗೆ ಸೇರಿಸಿದರೆ ಬೆಲೆ ಏರುತ್ತದೆ.

ಜಾಳಿಯ ಮೇಲೆ ಕೂರುವುದು ನಮಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರ ಹಗ್ಗದ ಹೊರಸು, ನವಾರದ ಮಂಚ, ಹಳೆಯ ಕಚೇರಿಗಳಲ್ಲಿದ್ದ ಬೆತ್ತ ಹೆಣೆದ ಕುರ್ಚಿ ಇವೆಲ್ಲ ಇದೇ ತತ್ವದವು. ಗಾಳಿ ಆಡುತ್ತದೆ, ದೇಹದ ಭಾರ ಒಂದೇ ಕಡೆ ಬೀಳದೆ ಹಂಚಿಹೋಗುತ್ತದೆ. ಅಮೆರಿಕದ ಹರ್ಮನ್ ಮಿಲ್ಲರ್ ಕಂಪೆನಿ 1994ರಲ್ಲಿ ಏರಾನ್ ಎಂಬ ಜಾಳಿಯ ಕುರ್ಚಿಯನ್ನು ತಂದಾಗ ಕಚೇರಿ ಕುರ್ಚಿಗಳ ರೂಪವೇ ಬದಲಾಯಿತು. ಅದನ್ನು ರೂಪಿಸಿದ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಅದಕ್ಕೂ ಮೊದಲು ವೃದ್ಧರು ಹೇಗೆ ಕೂರುತ್ತಾರೆ, ಎಲ್ಲಿ ನೋಯುತ್ತದೆ ಎಂಬುದನ್ನು ಅಭ್ಯಾಸ ಮಾಡಿದ್ದರು. ಆ ಕುರ್ಚಿಯ ಬೆಲೆ ನಮ್ಮಂಥವರ ಕೈಗೆ ಎಟುಕುವುದಲ್ಲ. ಆದರೆ ಅದರಿಂದ ಕಲಿಯಬೇಕಾದ ಒಂದು ಪಾಠವಿದೆ. ಅಷ್ಟು ದುಬಾರಿಯ ಆ ಕುರ್ಚಿಯನ್ನು ಚಿಕ್ಕದು, ನಡುವಿನದು, ದೊಡ್ಡದು ಎಂದು ಮೂರು ಅಳತೆಯಲ್ಲಿ ಮಾಡುತ್ತಾರೆ. ಎಲ್ಲರ ಬೆನ್ನಿಗೂ ಒಂದೇ ಕುರ್ಚಿ ಸಾಲದು ಎಂದು ಅದನ್ನು ಮಾಡಿದವರೇ ಒಪ್ಪಿದ್ದಾರೆ.

ಹಾಗಾದರೆ ಅಳೆಯುವುದು ಹೇಗೆ? ಹೊಲಿಗೆಯ ಟೇಪು ಇದ್ದರೆ ಸಾಕು. ನಾನು ಮಗಳನ್ನು ಗಟ್ಟಿಯಾದ ಸ್ಟೂಲಿನ ಮೇಲೆ ಕೂರಿಸಿ ಮೂರು ಅಳತೆ ತೆಗೆದುಕೊಂಡೆ. ಅವಳ ಎತ್ತರ ಐದಡಿ. ಅಂಗಾಲಿನಿಂದ ಮೊಣಕಾಲಿನ ಹಿಂಭಾಗದವರೆಗೆ 15.5 ಇಂಚು. ಸೊಂಟದ ಹಿಂಬದಿಯಿಂದ ಮೊಣಕಾಲಿನ ಹಿಂಭಾಗದವರೆಗೆ 17.5 ಇಂಚು. ಕುಳಿತ ಜಾಗದಿಂದ ಮಡಚಿದ ಮೊಣಕೈವರೆಗೆ 8.5 ಇಂಚು. ಇದಿಷ್ಟೇ. ಮೊದಲನೆಯದು ಕುರ್ಚಿ ಎಷ್ಟು ಎತ್ತರವಿರಬೇಕು ಎಂದು ಹೇಳುತ್ತದೆ, ಎರಡನೆಯದು ಸೀಟು ಎಷ್ಟು ಆಳವಿರಬೇಕು ಎಂದು, ಮೂರನೆಯದು ಮೇಜು ಮತ್ತು ಕೈಯಾನಿಕೆ ಎಲ್ಲಿರಬೇಕು ಎಂದು. ಅಳೆಯುವಾಗ ಬರಿಗಾಲಿನಲ್ಲೇ ಅಳೆಯಿರಿ. ಕಚೇರಿಗಳಲ್ಲಿ ಬೂಟು ಹಾಕಿಕೊಂಡು ಕೂರುತ್ತಾರೆ, ಅಲ್ಲಿ ಒಂದು ಇಂಚು ತಾನಾಗಿ ಸೇರುತ್ತದೆ. ನಾವು ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ.

ಈ ಅಳತೆಗಳನ್ನು ಮೇಜಿನ ಪಕ್ಕ ಇಟ್ಟು ನೋಡಿದಾಗ ಒಂದು ಹೊಸ ವಿಷಯ ತಿಳಿಯಿತು. ನಮ್ಮ ಹಳೆಯ ಮರದ ಮೇಜು 30 ಇಂಚು ಎತ್ತರ. ಪ್ಲಾಸ್ಟಿಕ್ ಕುರ್ಚಿ 17 ಇಂಚು. ಅಲ್ಲಿ ಕುಳಿತಾಗ ಮಗಳ ಮೊಣಕೈ ಇರುವುದು ನೆಲದಿಂದ 25.5 ಇಂಚು ಮೇಲೆ. ಅಂದರೆ ಮೇಜು ಅವಳಿಗಿಂತ ನಾಲ್ಕೂವರೆ ಇಂಚು ಎತ್ತರ. ದಿನವಿಡೀ ಭುಜ ಎತ್ತಿಕೊಂಡೇ ಟೈಪು ಮಾಡಬೇಕು. ಎಂಥ ಕುರ್ಚಿ ತಂದರೂ ಈ ಮೇಜಿನ ಮುಂದೆ ಅದು ಅರ್ಧ ಕೆಲಸವನ್ನೇ ಮಾಡೀತು. ನಮ್ಮ ಓಣಿಯ ಬಡಿಗೇರ ಕಾಕಾ ಅವರನ್ನು ಕರೆಸಿದೆ. ಅವರು ಟೇಪು ನೋಡಿ, ಮೇಜು ನೋಡಿ, ಕ್ಷಣವೂ ಯೋಚಿಸದೆ ಹೇಳಿದರು: "ಅಕ್ಕಾರ, ಕುರ್ಚಿ ಎತ್ತರ ಮಾಡೂದ್ಯಾಕ? ಟೇಬಲ್ ಗಿಡ್ಡ ಮಾಡೂಣ್ರಿ." ನಾಲ್ಕು ಕಾಲಿನಿಂದಲೂ ಮೂರು ಮೂರು ಇಂಚು ಕೊಯ್ದರು. ಇನ್ನೂರು ರೂಪಾಯಿ ಮಜೂರಿ. ಇನ್ನೂ ಕೊಯ್ದಿದ್ದರೆ ನನ್ನವರು ಕೂತಾಗ ಮೊಣಕಾಲು ತಾಗುತ್ತಿತ್ತು.

ಈಗ ಮೇಜು 27 ಇಂಚು. ಕುರ್ಚಿಯನ್ನು 18.5 ಇಂಚಿಗೆ ಏರಿಸಿದರೆ ಮೊಣಕೈ ಸರಿಯಾಗಿ ಮೇಜಿನ ಮಟ್ಟಕ್ಕೆ ಬರುತ್ತದೆ. ಆಗ ಕಾಲು ಮೂರು ಇಂಚು ತೂಗಾಡುತ್ತದೆ. ಅದಕ್ಕೆ ಅಡುಗೆಮನೆಯ ಮೂರು ಇಂಚಿನ ಮಣೆಯನ್ನೇ ಕಾಲ ಕೆಳಗಿಟ್ಟೆವು. ಲ್ಯಾಪ್‌ಟಾಪಿನ ಪರದೆ ಕಣ್ಣಿನ ಮಟ್ಟಕ್ಕೆ ಬರಲು ಬಡಿಗೇರ ಕಾಕಾ ರೆಹಲ್ ಮಾದರಿಯಲ್ಲೇ ಒಂದು ಎತ್ತರದ ಹಲಗೆ ಮಾಡಿಕೊಟ್ಟರು. ಮನೆಯ ರೆಹಲ್ ಅದರ ಕೆಲಸಕ್ಕೇ ಇರಲಿ ಎಂದು ಬೇರೆಯೇ ಮಾಡಿಸಿದೆ. ಪರದೆ ಮೇಲೇರಿದರೆ ಅದರ ಕೀಲಿಮಣೆ ಕೈಗೆ ಎಟುಕುವುದಿಲ್ಲ, ಆದ್ದರಿಂದ ಬೇರೆ ಕೀಬೋರ್ಡ್ ಮತ್ತು ಮೌಸ್ ಬೇಕು. ಎರಡೂ ಸೇರಿ ಏಳುನೂರು.

ಕುರ್ಚಿ ನೋಡಲು ಮಗಳೊಂದಿಗೆ ಕೊಲ್ಹಾಪುರಕ್ಕೆ ಹೋದೆ. ನಮ್ಮ ಭಾಗದವರಿಗೆ ದೊಡ್ಡ ಖರೀದಿಗೆ ಬೆಳಗಾವಿಗಿಂತ ಕೊಲ್ಹಾಪುರ, ಕಾಗವಾಡದವರಿಗೆ ಮಿರಜ, ಸಾಂಗ್ಲಿ ಹತ್ತಿರ. ನಿಪ್ಪಾಣಿಯವರೆಗೆ ಶಕ್ತಿ ಯೋಜನೆಯ ಉಚಿತ ಬಸ್ಸು, ಅಲ್ಲಿಂದ ಮುಂದೆ ಟಿಕೆಟ್. ಕೂತು ನೋಡದೆ ಕುರ್ಚಿ ಕೊಳ್ಳಬಾರದು ಎಂಬುದು ನನ್ನ ಹಟವಾಗಿತ್ತು. ಅಥಣಿ, ನಿಪ್ಪಾಣಿ ಕಡೆ ಕೈಯಿಂದ ಮಾಡುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. ಅಷ್ಟು ಹೆಸರಾದ ಆ ಚಪ್ಪಲಿಯನ್ನೂ ನಾವು ಕಾಲಿಗೆ ಹಾಕಿ ನೋಡದೆ ಕೊಳ್ಳುವುದಿಲ್ಲ. ಬೆನ್ನು ಕಾಲಿಗಿಂತ ಕಡಿಮೆಯದೇ?

ಅಂಗಡಿಯವರು ಮೊದಲು ತೋರಿಸಿದ್ದು ಹನ್ನೊಂದು ಸಾವಿರದ ಕುರ್ಚಿ. ತಲೆಯಾನಿಕೆ, ಕಾಲುಹಲಗೆ ಎಲ್ಲ ಇತ್ತು. ಮಗಳು ಕುಳಿತಳು. ಅತಿ ಕೆಳಕ್ಕೆ ಇಳಿಸಿದರೂ ಸೀಟು 19 ಇಂಚಿನಲ್ಲಿ ನಿಂತಿತು. ಬೆನ್ನು ಹಿಂದಕ್ಕೆ ತಾಗಿಸಿದರೆ ಸೀಟಿನ ಅಂಚು ಮೀನಖಂಡವನ್ನು ಒತ್ತುತ್ತಿತ್ತು. ಅಂಚು ಒತ್ತದಂತೆ ಮುಂದೆ ಸರಿದರೆ ಬೆನ್ನಿಗೆ ಆಸರೆಯೇ ಇಲ್ಲ. ಆರಡಿ ಎತ್ತರದವರಿಗೆ ಅದು ಒಳ್ಳೆಯ ಕುರ್ಚಿಯಿರಬಹುದು. ಅವಳಿಗಲ್ಲ. ಬೆಲೆ ಹೆಚ್ಚಾದಂತೆ ಕುರ್ಚಿ ಹೊಂದುತ್ತದೆ ಎಂಬ ನಿಯಮವೇನೂ ಇಲ್ಲ ಎಂದು ಅಲ್ಲಿಯೇ ತಿಳಿಯಿತು.

ಆ ದಿನ ಐದಾರು ಕುರ್ಚಿಗಳ ಮೇಲೆ ಕೂತೆದ್ದು ನಾವು ಗಮನಿಸಿದ್ದನ್ನು ಇಲ್ಲಿ ಹೇಳುತ್ತೇನೆ. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಮೂರು ಬೆರಳು ಹೋಗುವಷ್ಟು ಜಾಗವಿರಬೇಕು. ಅಂಚು ಕೆಳಕ್ಕೆ ಬಾಗಿರಬೇಕು. ಸೊಂಟದ ಹತ್ತಿರ ಉಬ್ಬಿರುವ ಆಸರೆ ಮೇಲೆ ಕೆಳಗೆ ಸರಿಯುವಂತಿರಬೇಕು. ಗಾದಿಯ ಮೇಲೆ ಕೂರುವ ವ್ಯಾಪಾರಿಗಳು ಬೆನ್ನಿಗೆ ಲೋಡು ಇಟ್ಟುಕೊಳ್ಳುತ್ತಾರಲ್ಲ, ಇದರ ಕೆಲಸವೂ ಅದೇ. ಅದು ಸರಿಯಾದ ಜಾಗಕ್ಕೆ ಬಾರದಿದ್ದರೆ ಇದ್ದೂ ಇಲ್ಲದಂತೆ. ಕೈಯಾನಿಕೆ ಕನಿಷ್ಠ ಮೇಲೆ ಕೆಳಗಾದರೂ ಆಗಬೇಕು, ಇಲ್ಲದಿದ್ದರೆ ಮೇಜಿಗೆ ತಾಗಿ ಕುರ್ಚಿ ಒಳಗೆ ಸರಿಯುವುದಿಲ್ಲ. ಬೆನ್ನು ಸ್ವಲ್ಪ ಹಿಂದಕ್ಕೆ ವಾಲಿ ಅಲ್ಲಿಯೇ ನಿಲ್ಲುವಂತಿರಬೇಕು. ಕೋಲಿನಂತೆ ನೆಟ್ಟಗೆ ಕೂರುವುದಕ್ಕಿಂತ ಒಂದಿಷ್ಟು ಹಿಂದಕ್ಕೆ ಒರಗಿದರೆ ಸೊಂಟದ ಮೇಲಿನ ಭಾರ ಕಡಿಮೆಯಾಗುತ್ತದೆ.

ಜಾಳಿಯನ್ನು ಅಂಗೈಯಿಂದ ಒತ್ತಿ ನೋಡಿ. ಒತ್ತಿದಾಗ ತಗ್ಗಿ, ಬಿಟ್ಟಾಗ ಕೂಡಲೇ ಮೊದಲಿನಂತೆ ಬಿಗಿಯಾಗಬೇಕು. ಕಡಿಮೆ ಬೆಲೆಯಲ್ಲಿ ಸೀಟು ಕೂಡ ಜಾಳಿಯದೇ ಇರುವ ಕುರ್ಚಿಗಳ ವಿಷಯದಲ್ಲಿ ಎಚ್ಚರ ಬೇಕು. ಅಗ್ಗದ ಜಾಳಿ ಹಳೆಯ ಹೊರಸಿನಂತೆ ಜೋತು ಬಿದ್ದು ಚೌಕಟ್ಟಿನ ಅಂಚು ತೊಡೆಗೆ ಒತ್ತತೊಡಗುತ್ತದೆ. ಹೊರಸಿನ ಹಗ್ಗವನ್ನು ಮತ್ತೆ ಬಿಗಿಯಬಹುದು, ಇದನ್ನು ಬಿಗಿಯಲಾಗದು. ಹತ್ತು ಸಾವಿರದೊಳಗೆ ಕೊಳ್ಳುವವರಿಗೆ ಬೆನ್ನು ಜಾಳಿಯದು, ಸೀಟು ಗಟ್ಟಿ ಫೋಮಿನದು ಇರುವುದೇ ಸೂಕ್ತ. ಸೀಟು ಮೆತ್ತಗೆ ಹಿತವೆನಿಸಿದರೆ ಸಾಲದು, ಹತ್ತು ನಿಮಿಷ ಕುಳಿತ ಮೇಲೆ ಕೆಳಗಿನ ಹಲಗೆ ತಾಗುತ್ತದೆಯೇ ಎಂದು ನೋಡಬೇಕು.

ಕುರ್ಚಿಯನ್ನು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್‌ನಲ್ಲಿ ಕ್ಲಾಸ್ 3, ಕ್ಲಾಸ್ 4 ಎಂದಿರುತ್ತದೆ. ನಾಲ್ಕನೆಯದು ಹೆಚ್ಚು ಗಟ್ಟಿ. ಬಿಫ್ಮಾ ಎಂಬುದು ಅಮೆರಿಕದ ಪೀಠೋಪಕರಣ ತಯಾರಕರ ಸಂಘ, ಅದರ ಪರೀಕ್ಷೆಯ ಹೆಸರು ಅನೇಕ ಪೆಟ್ಟಿಗೆಗಳ ಮೇಲಿರುತ್ತದೆ. ಪರೀಕ್ಷೆಯಾದದ್ದು ಇಡೀ ಕುರ್ಚಿಯೋ, ಕೆಳಗಿನ ಒಂದು ಭಾಗ ಮಾತ್ರವೋ ಎಂದು ಕೇಳಿ. ನಮ್ಮ ದೇಶದ ಮಾನಕ ಬ್ಯೂರೋ ಕೂಡ ಕೆಲಸದ ಕುರ್ಚಿಗಳಿಗೆಂದೇ 2022ರಲ್ಲಿ ಐಎಸ್ 17631 ಎಂಬ ಮಾನದಂಡ ಪ್ರಕಟಿಸಿದೆ. ಗಾಲಿಗಳು ಮೆತ್ತಗಿನ ಪಾಲಿಯುರೆಥೇನ್‌ನವಾದರೆ ನಮ್ಮ ಶಹಾಬಾದ್ ಫರಸಿ ಮತ್ತು ಟೈಲ್ಸ್ ನೆಲಕ್ಕೆ ಒಳ್ಳೆಯದು. ಬರಿಯ ಗಟ್ಟಿ ನೈಲಾನ್ ಗಾಲಿ ನುಣುಪು ನೆಲದಲ್ಲಿ ಜಾರುತ್ತದೆ, ಸದ್ದು ಮಾಡುತ್ತದೆ.

ನಾವು ಆರಿಸಿದ ಕುರ್ಚಿಯ ಬೆಲೆ 6,400 ರೂಪಾಯಿ. ಜಾಳಿ ಬೆನ್ನು, ಫೋಮ್ ಸೀಟು, 17ರಿಂದ 21 ಇಂಚಿನವರೆಗೆ ಎತ್ತರ, ಸರಿಸಬಹುದಾದ ಸೊಂಟದಾಸರೆ, ಮೂರು ವರ್ಷದ ವಾರಂಟಿ. ತಲೆಯಾನಿಕೆ ಇಲ್ಲ, ಕೆಂಪು ಪಟ್ಟಿಯೂ ಇಲ್ಲ. ಸೀಟಿನ ಆಳ 17 ಇಂಚು, ಸೊಂಟದಾಸರೆ ಒಂದು ಇಂಚು ಮುಂದೆ ಬರುವುದರಿಂದ ಅವಳಿಗೆ ಸರಿಹೋಯಿತು. ಮೇಜು ಕೊಯ್ಸಿದ್ದು ಇನ್ನೂರು, ಲ್ಯಾಪ್‌ಟಾಪಿನ ಹಲಗೆ ಇನ್ನೂರೈವತ್ತು, ಕೀಬೋರ್ಡ್ ಮತ್ತು ಮೌಸ್ ಏಳುನೂರು. ಎಲ್ಲ ಸೇರಿ 7,550. ಬಿಡಿಭಾಗಗಳ ಪೆಟ್ಟಿಗೆಯನ್ನು ಬಸ್ಸಿನಲ್ಲೇ ತಂದೆವು. ಮಗ ಅರ್ಧ ಗಂಟೆಯಲ್ಲಿ ಜೋಡಿಸಿದ.

ಕೊಲ್ಹಾಪುರಕ್ಕೆ ಹೋಗಲಾಗದವರು ಆನ್‌ಲೈನಿನಲ್ಲಿ ತರಿಸುವುದಾದರೆ ಚಿತ್ರ ನೋಡುವ ಮುನ್ನ ಅಳತೆಯ ಪಟ್ಟಿ ನೋಡಿ. ಅಲ್ಲಿ ಸೆಂಟಿಮೀಟರಿನಲ್ಲಿರುತ್ತದೆ, ಎರಡೂವರೆ ಸೆಂಟಿಮೀಟರಿಗೆ ಸುಮಾರು ಒಂದು ಇಂಚು. ಸೀಟಿನ ಅತಿ ಕಡಿಮೆ ಎತ್ತರವನ್ನು ಬರೆಯದ ಕುರ್ಚಿಯನ್ನು ಬಿಟ್ಟುಬಿಡಿ. ನಿಮ್ಮ ಹಳ್ಳಿಯ ಪಿನ್‌ಕೋಡಿಗೆ ವಾಪಸಾತಿ ಮತ್ತು ರಿಪೇರಿ ಇದೆಯೇ ಎಂದು ಮೊದಲೇ ಕೇಳಿ. ಕುರ್ಚಿ ಮನೆಗೆ ಬಂದು, ರಿಪೇರಿಯವರು ಮಾತ್ರ ಬರದ ಊರುಗಳು ನಮ್ಮಲ್ಲಿವೆ. ಕಚೇರಿಗಳು ಮಾರುವ ಹಳೆಯ ಕುರ್ಚಿಯೂ ಕೆಲವೊಮ್ಮೆ ಹೊಸ ಅಗ್ಗದ ಕುರ್ಚಿಗಿಂತ ಗಟ್ಟಿಯಾಗಿರುತ್ತದೆ. ಐದು ನಿಮಿಷ ಕುಳಿತಾಗ ಅದು ತಾನಾಗಿ ಕೆಳಗಿಳಿಯುತ್ತಿದ್ದರೆ ಗ್ಯಾಸ್ ಲಿಫ್ಟ್ ಸೋರಿದೆ ಎಂದರ್ಥ. ಅದನ್ನು ಬದಲಿಸಬಹುದು, ಆದರೆ ಆ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ.

ಮಗಳ ನೋವು ಈಗ ಬಹಳ ಕಡಿಮೆಯಾಗಿದೆ. ಇದೆಲ್ಲ ಕುರ್ಚಿಯ ಮಹಿಮೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೇಜು ತಗ್ಗಿತು, ಪರದೆ ಏರಿತು, ಮುಖ್ಯವಾಗಿ ಅವಳು ಅರ್ಧ ಗಂಟೆಗೊಮ್ಮೆ ಎದ್ದು ನೀರು ಕುಡಿದು ಬರುವ ಅಭ್ಯಾಸ ಮಾಡಿಕೊಂಡಳು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ಕುಳಿತಿರುವ ಹೊತ್ತನ್ನು ಕಡಿಮೆ ಮಾಡಿ ಎಂದೇ ಹೇಳಿದೆ. ಏಳದೆ ಕೂರುವವರನ್ನು ಯಾವ ಕುರ್ಚಿಯೂ ಕಾಪಾಡುವುದಿಲ್ಲ. ಕಾಲಿಗೆ ಜೋಮು ಇಳಿಯುತ್ತಿದ್ದರೆ, ಕಾಲಿನ ಬಲ ಕುಗ್ಗಿದರೆ, ಮೂತ್ರದ ಹಿಡಿತ ತಪ್ಪಿದರೆ ಕುರ್ಚಿ ಅಂಗಡಿಗಲ್ಲ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಮಗಳು ಕೆಲಸ ಮುಗಿಸಿ ಎದ್ದ ಮೇಲೆ ಅದೇ ಕುರ್ಚಿಯಲ್ಲಿ ಮಗ ಓದುತ್ತಾನೆ, ಒಂದು ಗಂಟೆ ಆಟವೂ ಆಡುತ್ತಾನೆ. ಕುಳಿತುಕೊಳ್ಳುವ ಮುನ್ನ ತನ್ನ ಎತ್ತರಕ್ಕೆ ಏರಿಸಿಕೊಳ್ಳುತ್ತಾನೆ, ಏಳುವಾಗ ಅಕ್ಕನ ಅಳತೆಗೆ ಇಳಿಸಿ ಏಳಬೇಕೆಂಬ ಕರಾರಿದೆ.

ಅತ್ತೆಯವರು ಒಮ್ಮೆ ಅದರಲ್ಲಿ ಕೂರಲು ಹೋದಾಗ ನಾನೇ ಬೇಡವೆಂದೆ. ಗಾಲಿಯ ಕುರ್ಚಿ ವಯಸ್ಸಾದವರಿಗಲ್ಲ. ಕೈಯೂರಿ ಏಳುವಾಗ ಅದು ಹಿಂದಕ್ಕೆ ಓಡುತ್ತದೆ. ಕುಳಿತು ನಮಾಝ್ ಮಾಡುವವರಿಗಂತೂ ಮುಂದಕ್ಕೆ ಬಾಗುವಾಗ ಅಪಾಯ. ಅವರಿಗೆ ಬೇಕಾದದ್ದು ಅಲುಗದ ನಾಲ್ಕು ಕಾಲು, ಗಟ್ಟಿ ಕೈಯಾನಿಕೆ, ಮೊಣಕಾಲಿಗೆ ಶ್ರಮವಾಗದಂತೆ ಸ್ವಲ್ಪ ಎತ್ತರದ ಸೀಟು ಇರುವ ಮರದ ಕುರ್ಚಿ. ಉಳಿದಿದ್ದ ನಾನೂರೈವತ್ತಕ್ಕೆ, ಅವರು ಕೊಟ್ಟು ನಾನು ತೆಗೆದಿಟ್ಟಿದ್ದ ಐನೂರನ್ನು ಸೇರಿಸಿ, ಮನೆಯಲ್ಲಿದ್ದ ಹಳೆಯ ಕುರ್ಚಿಯ ಕೀಲು ಬಿಗಿಸಿ, ಕಾಲಿಗೆ ಎರಡು ಇಂಚು ಮರ ಸೇರಿಸಿ, ರಬ್ಬರಿನ ಬುಡ ಹಾಕಿಸಿದೆ. ಬೀಡಿ ಕಟ್ಟುತ್ತಿದ್ದ ಕಾಲದಲ್ಲಿ ಬೆನ್ನಿಗೆ ಒಂದು ಆಸರೆ ಇದ್ದಿದ್ದರೆ ಎಂದು ಅವರು ಇನ್ನೂ ಹೇಳುತ್ತಾರೆ.

ಸಹೋದರಿಯರೇ, ನಮ್ಮ ಈ ಐದು ತಾಲೂಕುಗಳಲ್ಲಿ ಇವತ್ತಿಗೂ ಎಷ್ಟೋ ಹೆಣ್ಣುಮಕ್ಕಳು ಕುಳಿತೇ ದುಡಿಯುತ್ತಾರೆ. ಬೀಡಿ ಕಟ್ಟುವವರು, ಬೆನ್ನಾನಿಕೆಯಿಲ್ಲದ ಸ್ಟೂಲಿನ ಮೇಲೆ ಹೊಲಿಗೆ ಮಾಡುವವರು, ಚಪ್ಪಲಿಯ ಪಟ್ಟಿ ಹೆಣೆಯುವವರು. ಎಲ್ಲರಿಗೂ ಆರು ಸಾವಿರದ ಕುರ್ಚಿ ಬೇಕಿಲ್ಲ. ಆದರೆ ಎಲ್ಲರಿಗೂ ಬೆನ್ನಿದೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ದುಂದು ಮಾಡಬಾರದು ಎಂದೂ ಕಲಿಸುತ್ತೇವೆ. ಎರಡನ್ನೂ ಒಟ್ಟಿಗೆ ಪಾಲಿಸಲು ಸಾಧ್ಯವಿದೆ. ಮುಂದಿನ ಬಾರಿ ಹೊಲಿಗೆಯ ಪೆಟ್ಟಿಗೆ ತೆರೆದಾಗ ಟೇಪನ್ನು ಕೈಗೆ ತೆಗೆದುಕೊಳ್ಳಿ. ಮನೆಯಲ್ಲಿ ಅತಿ ಹೆಚ್ಚು ಹೊತ್ತು ಕುಳಿತು ದುಡಿಯುವವರು ಯಾರೆಂದು ನೋಡಿ. ಅವರನ್ನು ಕೂರಿಸಿ ಮೂರು ಅಳತೆ ತೆಗೆಯಿರಿ. ಕೊಳ್ಳಬೇಕಾದದ್ದು ಕುರ್ಚಿಯೋ, ಕೊಯ್ಯಬೇಕಾದದ್ದು ಮೇಜಿನ ಕಾಲೋ, ಇಡಬೇಕಾದದ್ದು ಒಂದು ಮಣೆಯೋ ಎಂಬುದನ್ನು ಆ ಅಳತೆಗಳೇ ಹೇಳುತ್ತವೆ.